ಅಂಗಾತ ಹಾರುವುದೇಕೆ?

2002ರ ಜುಲೈ ತಿಂಗಳು. ಜಮೈಕಾ ದೇಶದ ಕಿಂಗ್‌ಸ್ಟನ್ ನಗರದಲ್ಲಿ ವಿಶ್ವ ಜೂನಿಯರ್ ಅಥ್ಲೆಟಿಕ್ಸ್ ಕೂಟ. ಮಹಿಳೆಯರ ಎತ್ತರ ಜಿಗಿತದಲ್ಲಿ ಕ್ರೊಯೇಷಿಯಾದ ಬ್ಲಾಂಕಾ ವ್ಲಾಸಿಚ್ 1.96 ಮೀಟರ್ ಹಾರಿ ಚಿನ್ನದ ಪದಕ ಗೆದ್ದರು. ಆಗ ಅವರ ವಯಸ್ಸು 18. ತರಗತಿಯ ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಒಂದು ಗೆರೆ ಎಳೆದು ನೋಡಿ!

ಇಂದಿನ ಎತ್ತರ ಜಿಗಿತಗಾರರು ಓಡಿಬಂದು, ಒಂದೇ ಕಾಲಿನಿಂದ ಚಿಮ್ಮಿ, ಅಂಗಾತವಾಗಿ ಅಡ್ಡಪಟ್ಟಿ ದಾಟುತ್ತಾರೆ. ಅಮೆರಿಕದ ಡಿಕ್ ಫಾಸ್‌ಬರಿ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಹೀಗೆ ಹಾರಿ ಚಿನ್ನ ಗೆದ್ದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು. ಇದರಿಂದ ಲಾಭವೇನು?

ಮಾಡಿ ನೋಡಿ: ಒಂದು ಬಳೆಯನ್ನು ಮಲಗಿಸಿ ಬೆರಳ ತುದಿಯ ಮೇಲೆ ನಿಲ್ಲಿಸಲು ಪ್ರಯತ್ನಿಸಿ. ಬಿದ್ದುಹೋಗುತ್ತದೆ. ಈಗ ಬಳೆಗೆ ಕಾಗದವನ್ನು ಬಿಗಿಯಾಗಿ ಅಂಟಿಸಿ, ನಡುಮಧ್ಯೆ ಬೆರಳಿಡಿ. ನಿಂತಿತಲ್ಲವೇ? ಬಳೆಯ ಗುರುತ್ವ ಕೇಂದ್ರ ಇರುವುದು ನಡುವಿನ ಖಾಲಿ ಜಾಗದಲ್ಲಿ!

ಬೆನ್ನನ್ನು ಬಿಲ್ಲಿನಂತೆ ಬಾಗಿಸಿದಾಗ ನಮ್ಮ ಗುರುತ್ವ ಕೇಂದ್ರವೂ ದೇಹದ ಹೊರಗೆ ಹೋಗಬಲ್ಲದು. ತಲೆ, ಬೆನ್ನು, ಕಾಲುಗಳು ಒಂದಾದ ಮೇಲೊಂದು ಪಟ್ಟಿಯ ಮೇಲಿಂದ ದಾಟುತ್ತವೆ. ಗುರುತ್ವ ಕೇಂದ್ರ ಮಾತ್ರ ಪಟ್ಟಿಯ ಕೆಳಗೇ ಸಾಗಬಹುದು. ಹೀಗಾಗಿ ಅಷ್ಟೇ ಶಕ್ತಿಯಿಂದ ಇನ್ನಷ್ಟು ಎತ್ತರದ ಪಟ್ಟಿಯನ್ನು ದಾಟಬಹುದು.

ಎಚ್ಚರಿಕೆ: ಹೀಗೆ ಹಾರಿದವರು ಬೆನ್ನಿನ ಮೇಲೆ ಬೀಳುತ್ತಾರೆ. ಅದಕ್ಕೆ ದಪ್ಪನೆಯ ಫೋಮ್ ಹಾಸಿಗೆ ಬೇಕೇ ಬೇಕು. ಶಾಲೆಯ ಮರಳುಗುಂಡಿಯಲ್ಲಿ ಹೀಗೆ ಹಾರಿದರೆ ಕುತ್ತಿಗೆಗೆ ಪೆಟ್ಟಾದೀತು. ಅಲ್ಲಿ ಕತ್ತರಿಯಂತೆ ಒಂದೊಂದೇ ಕಾಲು ದಾಟಿಸಿ, ಕಾಲಿನ ಮೇಲೆಯೇ ಇಳಿಯಿರಿ. ನಿಮ್ಮ ಶಿಕ್ಷಕರು ಜೊತೆಯಲ್ಲಿರಲಿ.