ಮುಳುಗಿದ ಕಂಪನಿಯಲ್ಲಿ ಯಾರ ದುಡ್ಡು ಮೊದಲು?

ಒಂದು ಕಂಪನಿ ಮುಳುಗಿತು ಅಂದ್ಕೊಳ್ಳಿ. ಬ್ಯಾಂಕಿಗೆ, ಕಾರ್ಮಿಕರಿಗೆ, ಸರ್ಕಾರಕ್ಕೆ, ಬಿಡಿಭಾಗ ಸಪ್ಲೈ ಮಾಡಿದ ಸಣ್ಣ ವರ್ಕ್‌ಶಾಪ್‌ಗೆ, ಎಲ್ಲರಿಗೂ ಬಾಕಿ ಇದೆ. ಇರೋ ಆಸ್ತಿ ಪೂರ್ತಿ ಮಾರಿದರೂ ಸಾಕಾಗಲ್ಲ. ಆಗ ಯಾರಿಗೆ ಮೊದಲು ಕೊಡಬೇಕು?

ನಮ್ಮ ದೇಶದಲ್ಲಿ ಇದಕ್ಕೊಂದು ಕ್ಯೂ ಇದೆ. 2016ರ ದಿವಾಳಿ ಸಂಹಿತೆ, ಅಂದ್ರೆ ಐಬಿಸಿಯ 53ನೇ ಸೆಕ್ಷನ್ ಅದನ್ನು ಹೇಳುತ್ತದೆ:

1. ದಿವಾಳಿ ಪ್ರಕ್ರಿಯೆಯ ಖರ್ಚು
2. ಕಾರ್ಮಿಕರ 24 ತಿಂಗಳ ಬಾಕಿ. ಇದಕ್ಕೆ ಸಮನಾಗಿ, ತಮ್ಮ ಅಡಮಾನವನ್ನು ಒಟ್ಟು ಆಸ್ತಿಗೆ ಬಿಟ್ಟುಕೊಟ್ಟ ಬ್ಯಾಂಕಿನಂಥವರ ಸಾಲ
3. ಇತರ ಉದ್ಯೋಗಿಗಳ 12 ತಿಂಗಳ ಸಂಬಳ
4. ಅಡಮಾನ ಇಲ್ಲದೆ ಹಣ ಸಾಲ ಕೊಟ್ಟವರು
5. ಸರ್ಕಾರದ 2 ವರ್ಷಗಳ ಬಾಕಿ. ಅಡಮಾನವನ್ನು ತಾವೇ ಮಾರಿಕೊಂಡ ಮೇಲೂ ಸಾಲ ಪೂರ್ತಿ ತೀರದವರು
6. ಉಳಿದ ಎಲ್ಲ ಬಾಕಿ
7. ಷೇರುದಾರರು: ಮೊದಲು ಪ್ರಿಫರೆನ್ಸ್, ಕೊನೆಗೆ ಈಕ್ವಿಟಿ

ಪಿಎಫ್, ಗ್ರಾಚ್ಯುಟಿ ಫಂಡ್‌ನಲ್ಲಿರುವ ಕಾರ್ಮಿಕರ ಹಣ ಈ ಲೆಕ್ಕಕ್ಕೇ ಬರಲ್ಲ, ಅದು ಅವರದೇ.

ಇಲ್ಲಿ ಒಂದು ವಿಷಯ ಗಮನಿಸಿ. ‘ಅಡಮಾನ ಇಲ್ಲದವರು’ ಎಲ್ಲರೂ ಒಂದೇ ಜಾಗದಲ್ಲಿ ಇಲ್ಲ. ಹಣ ಸಾಲ ಕೊಟ್ಟವರು 4ನೇ ಮೆಟ್ಟಿಲು. ಮಾಲು ಕೊಟ್ಟು ಬಿಲ್ಲಿಗೆ ಕಾಯ್ತಿರೋ ವರ್ಕ್‌ಶಾಪ್ 6ನೇ ಮೆಟ್ಟಿಲು, ಸರ್ಕಾರಕ್ಕಿಂತಲೂ ಕೆಳಗೆ.

ಒಂದು ಲೆಕ್ಕ ಮಾಡೋಣ. ಆಸ್ತಿ ಮಾರಿ 100 ಲಕ್ಷ ಬಂತು. ಖರ್ಚು 10 ಲಕ್ಷ, ಉಳಿದದ್ದು 90. ಕಾರ್ಮಿಕರಿಗೆ 20, ಅಡಮಾನ ಬಿಟ್ಟುಕೊಟ್ಟ ಬ್ಯಾಂಕಿಗೆ 50, ಉಳಿದದ್ದು 20. ಉದ್ಯೋಗಿಗಳ ಸಂಬಳ 8, ಉಳಿದದ್ದು 12 ಲಕ್ಷ.

4ನೇ ಮೆಟ್ಟಿಲಲ್ಲಿ ಇಬ್ಬರಿದ್ದಾರೆ. ಒಬ್ಬರಿಗೆ 16 ಲಕ್ಷ, ಇನ್ನೊಬ್ಬರಿಗೆ 8 ಲಕ್ಷ ಬರಬೇಕು, ಒಟ್ಟು 24. ಒಂದೇ ಮೆಟ್ಟಿಲಲ್ಲಿ ಇರೋರಿಗೆ ಮೊದಲು ಬಂದವರು, ಆಮೇಲೆ ಬಂದವರು ಅನ್ನೋ ಭೇದ ಇಲ್ಲ. ಬಾಕಿಯ ಪ್ರಮಾಣದಲ್ಲಿ ಹಂಚಬೇಕು. 12ನ್ನು 24ರಿಂದ ಭಾಗಿಸಿದರೆ ರೂಪಾಯಿಗೆ 50 ಪೈಸೆ. ಅವರಿಗೆ 8 ಲಕ್ಷ, ಇವರಿಗೆ 4 ಲಕ್ಷ. ಅಲ್ಲಿಗೆ ದುಡ್ಡು ಖಾಲಿ.

ವರ್ಕ್‌ಶಾಪ್‌ನವರಿಗೆ? ಸೊನ್ನೆ. ಅವರ ಬಿಲ್ ಸರಿಯಾಗಿಯೇ ಇರಬಹುದು, ಕಾನೂನು ಅದನ್ನು ಒಪ್ಪಬಹುದು. ಆದರೂ ಅವರ ಸರದಿ ಬರೋ ಹೊತ್ತಿಗೆ ಕೊಡೋಕೆ ಏನೂ ಉಳಿದಿರಲ್ಲ.

ನಮ್ಮಲ್ಲಿ ಸುಮಾರು ಜನ ಮುಂದೆ ಸ್ವಂತ ಯೂನಿಟ್ ಅಥವಾ ಸ್ಟಾರ್ಟಪ್ ಮಾಡ್ತೀವಿ. ದೊಡ್ಡ ಕಂಪನಿಯ ಆರ್ಡರ್ ಸಿಕ್ತು ಅಂತ 90 ದಿನದ ಕ್ರೆಡಿಟ್‌ಗೆ ಒಪ್ಪಿದರೆ, ಅಂದೇ ನಾವು 6ನೇ ಮೆಟ್ಟಿಲಲ್ಲಿ ನಿಂತ ಹಾಗೆ. ಅಡ್ವಾನ್ಸ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳೋದಿದ್ದರೆ ಮಾಲು ಕಳಿಸೋ ಮೊದಲೇ ಕೇಳಬೇಕು. ಕಂಪನಿ ಮುಳುಗಿದ ಮೇಲೆ ಮೆಟ್ಟಿಲು ಬದಲಾಯಿಸೋಕೆ ಆಗಲ್ಲ.