ಮೂಳೆ ತಜ್ಞೆಯಾಗುವ ಹಾದಿಯಲ್ಲಿ ಸಂಘದ ಆಸರೆ

ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳೇ ಇದ್ದಾರೆ. ಆದರೆ ಅಲ್ಲಿನ ಮೂಳೆ ಶಸ್ತ್ರಚಿಕಿತ್ಸಕರಲ್ಲಿ ನೂರಕ್ಕೆ ಹತ್ತು ಮಂದಿಯೂ ಮಹಿಳೆಯರಿಲ್ಲ. ಆಫ್ರಿಕನ್ ಅಮೆರಿಕನ್ನರ ಸಂಖ್ಯೆಯಂತೂ ಇನ್ನೂ ಕಡಿಮೆ. ಈ ಕೊರತೆ ನೀಗಿಸಲೆಂದೇ ಅಲ್ಲಿ ಕೆಲವು ಸಂಘಗಳು ಕೆಲಸ ಮಾಡುತ್ತಿವೆ. ಅಲ್ಲಿ ಓದುತ್ತಿರುವ ಕನ್ನಡದ ಮನೆಯ ಮಕ್ಕಳಿಗೂ, ಇಲ್ಲಿ ಎಂಬಿಬಿಎಸ್ ಮುಗಿಸಿ ಅಲ್ಲಿ ರೆಸಿಡೆನ್ಸಿಗೆ, ಅಂದರೆ ತಜ್ಞ ವೈದ್ಯರ ತರಬೇತಿಗೆ, ಪ್ರಯತ್ನಿಸುವವರಿಗೂ ಇವುಗಳ ಪರಿಚಯ ಇರಬೇಕು. ಪ್ರಶಸ್ತಿಗಳ ಪಟ್ಟಿ ನೋಡಿ ಸದಸ್ಯತ್ವ ಪಡೆಯುವವರಿದ್ದಾರೆ. ಅದು ಹಿಂದುಮುಂದಾದ ಕ್ರಮ. ಮೊದಲು ಸಂಘದೊಳಗಿನ ಹಿರಿಯರ ಪರಿಚಯವಾಗಬೇಕು, ಪ್ರಶಸ್ತಿಯ ಯೋಚನೆ ಆಮೇಲೆ.

ಯಾವ ಸಂಘ?

ಮೂಳೆ ಶಸ್ತ್ರಚಿಕಿತ್ಸೆಯಲ್ಲಿರುವ ಮಹಿಳೆಯರಿಗಾಗಿ ರೂತ್ ಜಾಕ್ಸನ್ ಆರ್ಥೋಪೆಡಿಕ್ ಸೊಸೈಟಿ 1983ರಲ್ಲಿ ಶುರುವಾಯಿತು. ರೂತ್ ಜಾಕ್ಸನ್ ಡಲ್ಲಾಸ್‌ನಲ್ಲಿ ವೃತ್ತಿ ನಡೆಸಿದವರು. ಅಮೆರಿಕನ್ ಅಕಾಡೆಮಿ ಆಫ್ ಆರ್ಥೋಪೆಡಿಕ್ ಸರ್ಜನ್ಸ್ ಹುಟ್ಟಿದ್ದು 1933ರಲ್ಲಿ; ಪರೀಕ್ಷೆ ಬರೆದು ಗೆದ್ದ ಮೇಲೆ, 1937ರಲ್ಲಿ, ಅವರು ಅದರ ಮೊದಲ ಮಹಿಳಾ ಸದಸ್ಯೆಯಾದರು. ಅದೇ ಅಕಾಡೆಮಿಗೆ ಮೊದಲ ಮಹಿಳಾ ಅಧ್ಯಕ್ಷೆ ಸಿಕ್ಕಿದ್ದು 2019ರಲ್ಲಿ, ಕ್ರಿಸ್ಟಿ ವೆಬರ್. ನಡುವೆ ಎಂಬತ್ತೆರಡು ವರ್ಷ! ಇಂಥ ಸಂಘ ಏಕೆ ಬೇಕು ಎನ್ನುವವರು ಈ ಲೆಕ್ಕ ನೋಡಿದರೆ ಸಾಕು.

ಇನ್ನೊಂದು, 1998ರಲ್ಲಿ ಆರಂಭವಾದ ಜೆ. ರಾಬರ್ಟ್ ಗ್ಲ್ಯಾಡನ್ ಆರ್ಥೋಪೆಡಿಕ್ ಸೊಸೈಟಿ. ಗ್ಲ್ಯಾಡನ್ ಅಮೆರಿಕದ ಆರ್ಥೋಪೆಡಿಕ್ ಬೋರ್ಡಿನ ಮಾನ್ಯತೆ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ವೈದ್ಯ. ವೃತ್ತಿಯಲ್ಲಿ ಎಲ್ಲ ಹಿನ್ನೆಲೆಯವರಿಗೂ ಜಾಗವಾಗಬೇಕು ಎಂಬುದು ಈ ಸಂಘದ ಉದ್ದೇಶ. ಲ್ಯಾಟಿನೊ ವೈದ್ಯರಿಗೂ ಪ್ರತ್ಯೇಕ ಸಂಘವಿದೆ. ಒಂದಕ್ಕಿಂತ ಹೆಚ್ಚು ಸಂಘಗಳಿಗೆ ಸೇರಲು ಅಡ್ಡಿಯಿಲ್ಲ, ಆದರೆ ಮೊದಲ ವರ್ಷ ಒಂದರಲ್ಲೇ ನೆಟ್ಟಗೆ ತೊಡಗಿಸಿಕೊಳ್ಳುವುದು ಲೇಸು.

ಸದಸ್ಯತ್ವದ ಅರ್ಜಿ

ವಿದ್ಯಾರ್ಥಿ, ರೆಸಿಡೆಂಟ್, ಫೆಲೋ, ವೃತ್ತಿನಿರತ ವೈದ್ಯ ಹೀಗೆ ವರ್ಗಗಳಿರುತ್ತವೆ. ವಿದ್ಯಾರ್ಥಿಗಳ ಶುಲ್ಕ ಸಾಮಾನ್ಯವಾಗಿ ತೀರ ಕಡಿಮೆ. ರೆಸಿಡೆಂಟ್ ಆಗಿದ್ದರೆ ನಿಮ್ಮ ವಿಭಾಗವೇ ಶುಲ್ಕ ಕಟ್ಟುತ್ತದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿ. ಇದನ್ನು ಕೇಳಲು ಸಂಕೋಚಪಡುವವರೇ ಜಾಸ್ತಿ. ಶಿಕ್ಷಣದ ಹಂತ ಬದಲಾದಾಗ ವರ್ಗವನ್ನೂ ಬದಲಿಸಿಕೊಳ್ಳಿ. ಹಳೆಯ ವರ್ಗದಲ್ಲೇ ಉಳಿದರೆ ಪ್ರಶಸ್ತಿಯ ಅರ್ಹತೆಗೆ ತೊಡಕಾಗಬಹುದು.

ಹಿರಿಯರ ಒಡನಾಟ

ಸದಸ್ಯತ್ವದ ನಿಜವಾದ ಫಲ ಇಲ್ಲಿದೆ. 2022ರಿಂದ ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯ ಮೊದಲ ಹಂತಕ್ಕೆ ಅಂಕ ಕೊಡುತ್ತಿಲ್ಲ, ಬರೀ ಪಾಸು ಅಥವಾ ಫೇಲು. ಹೀಗಾಗಿ ಎರಡನೇ ಹಂತದ ಅಂಕ, ಸಂಶೋಧನೆ ಮತ್ತು ಶಿಫಾರಸು ಪತ್ರಗಳ ತೂಕ ಹೆಚ್ಚಿದೆ. ವಿದೇಶದಲ್ಲಿ ಎಂಬಿಬಿಎಸ್ ಮಾಡಿದವರಿಗೆ ಅಲ್ಲಿ ಮೂಳೆ ವಿಭಾಗದಲ್ಲಿ ಸೀಟು ಸಿಗುವುದು ಬಹಳ ಅಪರೂಪ. ನಿಮ್ಮನ್ನು ಕಣ್ಣಾರೆ ಕಂಡ ಹಿರಿಯರ ಒಂದು ಪತ್ರವಿಲ್ಲದೆ ಮುಂದೆ ಹೋಗುವುದು ಕಷ್ಟ.

ಮೆಂಟರ್ ಆಗುವಿರಾ ಎಂದು ನೇರವಾಗಿ ಕೇಳಿದರೆ ಬಿಡುವಿಲ್ಲದ ವೈದ್ಯೆ ಹಿಂಜರಿಯುತ್ತಾರೆ. ಅವರ ಒಂದು ಪ್ರಬಂಧ ಓದಿ, ಒಂದು ನಿರ್ದಿಷ್ಟ ಪ್ರಶ್ನೆಯನ್ನು ನಾಲ್ಕು ಸಾಲಲ್ಲಿ ಬರೆದು ಕಳಿಸಿ, ಹದಿನೈದು ನಿಮಿಷ ಮಾತಾಡಲು ಸಮಯ ಕೇಳಿ. ಒಪ್ಪಿಕೊಂಡ ಚಿಕ್ಕ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸಿಕೊಡಿ. ನಮ್ಮಲ್ಲಿ ಹಿರಿಯರ ಮುಂದೆ ಬಾಯಿ ಬಿಡದಿರುವುದನ್ನೇ ವಿನಯ ಎಂದು ಕಲಿಸಿರುತ್ತಾರೆ. ಅಲ್ಲಿ ಅದನ್ನು ಆಸಕ್ತಿಯಿಲ್ಲ ಎಂದು ತಿಳಿಯುವ ಸಾಧ್ಯತೆಯೇ ಹೆಚ್ಚು. ಅಕಾಡೆಮಿಯ ವಾರ್ಷಿಕ ಸಮ್ಮೇಳನದ ವೇಳೆ ಇಂಥ ಸಂಘಗಳೂ ಸಭೆ ಸೇರುತ್ತವೆ. ಭಾಷಣಗಳನ್ನು ಕೇಳಿ ಎದ್ದು ಬರಬೇಡಿ, ಊಟದ ಹೊತ್ತಿಗೂ ಅಲ್ಲೇ ಇರಿ.

ಪ್ರಶಸ್ತಿ, ಅನುದಾನ

ಇವು ಮುಖ್ಯವಾಗಿ ಮೂರು ಬಗೆ: ಸಮ್ಮೇಳನಕ್ಕೆ ಹೋಗಿಬರುವ ಪ್ರಯಾಣ ನೆರವು, ಸಂಶೋಧನಾ ಅನುದಾನ, ಹಾಗೂ ಮಾಡಿ ಮುಗಿಸಿದ ಸಂಶೋಧನೆಗೆ ಬಹುಮಾನ. ಮೂರನೆಯದಕ್ಕೆ ರೂತ್ ಜಾಕ್ಸನ್ ಸಂಘವು ರೆಸಿಡೆಂಟ್‌ಗಳಿಗಾಗಿ ಜಾಕ್ವೆಲಿನ್ ಪೆರಿ ಹೆಸರಿನಲ್ಲಿ ಕೊಡುವ ಪ್ರಶಸ್ತಿ ಒಂದು ಉದಾಹರಣೆ. ಪೆರಿ ಮನುಷ್ಯರ ನಡಿಗೆಯನ್ನು ವಿಶ್ಲೇಷಿಸುವ ಶಾಸ್ತ್ರ ಕಟ್ಟಿದವರಲ್ಲಿ ಪ್ರಮುಖರು.

ಹೊಸಬರು ಪ್ರಯಾಣ ನೆರವಿನಿಂದ ಶುರು ಮಾಡುವುದು ಒಳ್ಳೆಯದು. ಆ ವರ್ಷದ ನಿಯಮಗಳನ್ನು ಪೂರ್ತಿ ಓದಿ, ಕೊನೆಯ ದಿನಕ್ಕಿಂತ ತಿಂಗಳು ಮೊದಲೇ ಶಿಫಾರಸು ಪತ್ರ ಕೇಳಿ. ಕೇಳುವಾಗ ನಿಮ್ಮ ಸಾಧನೆಯ ಅರ್ಧ ಪುಟದ ಟಿಪ್ಪಣಿಯನ್ನೂ ಜೊತೆಗಿಡಿ. ಅನೇಕ ಕಡೆ ಹಣವನ್ನು ಮುಂಗಡವಾಗಿ ಕೊಡದೆ ಖರ್ಚಾದ ಮೇಲೆ ತುಂಬಿಕೊಡುತ್ತಾರೆ. ವಿಮಾನ, ಹೋಟೆಲಿನ ರಸೀದಿ ಜೋಪಾನ.

ಅನುದಾನದ ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಬಜೆಟ್ ಪುಟದಲ್ಲಿ. ಯಾವ ಪರೀಕ್ಷೆಗೆ ಎಷ್ಟು, ಅಂಕಿಅಂಶ ತಜ್ಞರಿಗೆ ಎಷ್ಟು ಎಂದು ಬಿಡಿಸಿ ಬರೆಯಿರಿ. ರೋಗಿಗಳ ಮಾಹಿತಿ ಬಳಸುವುದಾದರೆ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆಗೆ ಮೊದಲೇ ಅರ್ಜಿ ಹಾಕಿ. ಒಂದು ವರ್ಷದಲ್ಲಿ ಮುಗಿಯದಷ್ಟು ದೊಡ್ಡ ಕನಸನ್ನು ಸಣ್ಣ ಅನುದಾನಕ್ಕೆ ತುರುಕಬೇಡಿ. ಹಣ ಬಂದ ಮೇಲೆ ವರದಿ ಸಲ್ಲಿಸುವ ದಿನಾಂಕವನ್ನು ಗುರುತು ಹಾಕಿಕೊಳ್ಳಿ.

ಅಮೆರಿಕದಲ್ಲಿ ಬಹುಮಾನದ ಹಣ ಸಾಮಾನ್ಯವಾಗಿ ತೆರಿಗೆಗೆ ಒಳಪಡುತ್ತದೆ. ಜೆ-1 ಅಥವಾ ಎಫ್-1 ವೀಸಾದಲ್ಲಿ ಇರುವವರು ಚೆಕ್ ಪಡೆಯುವ ಮೊದಲು ತಮ್ಮ ಸಂಸ್ಥೆಯ ವೀಸಾ ಕಚೇರಿಯನ್ನು ವಿಚಾರಿಸಲೇಬೇಕು.

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳಿದ್ದರೆ ಸಂಘದ ಸದಸ್ಯತ್ವ ಇನ್ನೂ ದೂರದ ಮಾತು. ಆದರೆ ಪೆರಿಯವರ ಹೆಸರಿನಲ್ಲೇ 2009ರಲ್ಲಿ ಆರಂಭವಾದ ಪೆರಿ ಇನಿಶಿಯೇಟಿವ್ ಅಂಥ ಹುಡುಗಿಯರ ಕೈಗೆ ಡ್ರಿಲ್ ಕೊಟ್ಟು, ಮೂಳೆಯ ಮಾದರಿಗಳಿಗೆ ಪ್ಲೇಟು, ಸ್ಕ್ರೂ ಕೂರಿಸುವುದನ್ನು ಒಂದು ದಿನದ ಶಿಬಿರದಲ್ಲಿ ಕಲಿಸುತ್ತದೆ. ಹತ್ತಿರದ ಊರಿನಲ್ಲಿ ಶಿಬಿರ ಯಾವಾಗ ಎಂದು ನೋಡಿಕೊಂಡು ಮಗಳ ಕೈಯಲ್ಲೇ ಅರ್ಜಿ ಬರೆಸಿ.