ಕೃತಕ ಕೀಲಿನ ಸುತ್ತಮುತ್ತ

ಸೂರತ್ತಿನಿಂದ ಮುಂಬಯಿಗೆ ಹೋಗುವ ರೈಲುದಾರಿಯ ಮೇಲಿರುವ ಸಚಿನ್, ಹಿಂದೊಮ್ಮೆ ಸಿದ್ದಿ ನವಾಬರ ಪುಟ್ಟ ಸಂಸ್ಥಾನವಾಗಿದ್ದು, ಈಗ ಬಟ್ಟೆಗೆ ಬಣ್ಣ ಕಟ್ಟುವ ಗಿರಣಿಗಳಿಂದ ತುಂಬಿಹೋಗಿರುವ ಊರು. ಇಲ್ಲಿನ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತ ವಯಸ್ಸು ಕಳೆದ, ಧಾರವಾಡದ ಕಡೆಯವನಾದ ನಾನು, ಬಲಸೊಂಟದ ಕೀಲನ್ನು ಬದಲಾಯಿಸಿಕೊಂಡು, ಆ ಹೊಸ ಕೀಲಿಗೆ ಸೋಂಕು ತಗಲಿ ಪಟ್ಟ ಪಾಡಿನಿಂದ ತಿಳಿದುಕೊಂಡದ್ದನ್ನು ಬರೆದಿಡುವುದು ಅವಶ್ಯವೆಂದು ಭಾವಿಸಿದ್ದೇನೆ; ಏಕೆಂದರೆ ಕೀಲಿನ ವಿಷಯವನ್ನು ಎಲ್ಲರೂ ಹೇಳುತ್ತಾರೆ, ಅದನ್ನು ಹಿಡಿದು ನಿಲ್ಲಿಸುವ ಸ್ನಾಯುರಜ್ಜುಗಳ ವಿಷಯವನ್ನು ಹೇಳುವವರು ವಿರಳ.

ಇಂದಿನ ಕೃತಕ ಸೊಂಟದ ಕೀಲಿಗೆ ರೂಪು ಕೊಟ್ಟ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1960ರ ದಶಕದಲ್ಲಿ ಸೋಂಕಿಗೆ ಎಷ್ಟು ಅಂಜಿದರೆಂದರೆ, ಶುದ್ಧೀಕರಿಸಿದ ಗಾಳಿ ಹರಿಯುವ ಪ್ರತ್ಯೇಕ ಆವರಣವನ್ನೇ ಶಸ್ತ್ರಕ್ರಿಯೆಗಾಗಿ ಕಟ್ಟಿಸಿದರು. ಇಂದು ನೂರು ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಸೋಂಕು ತಗಲುತ್ತದೆ; ಆದರೆ ತಗಲಿದವನ ಪಾಲಿಗೆ ಆ ಅಲ್ಪಸಂಖ್ಯೆಯಿಂದ ಸಮಾಧಾನವಿಲ್ಲ. ರೋಗಾಣುಗಳು ಲೋಹದ ಮೈಗೆ ಅಂಟಿಕೊಂಡು, ಕೆರೆಯ ಕಲ್ಲಿನ ಮೇಲೆ ಪಾಚಿ ಹಬ್ಬಿದಂತೆ, ತಮ್ಮ ಸುತ್ತ ಲೋಳೆಪದರವೊಂದನ್ನು ಹೆಣೆದುಕೊಳ್ಳುತ್ತವೆ. ಲೋಹಕ್ಕೆ ರಕ್ತ ಹರಿಯುವುದಿಲ್ಲವಾದುದರಿಂದ ಔಷಧವೂ ಅಲ್ಲಿಗೆ ಸಾಕಷ್ಟು ತಲುಪದು.

ಇನ್ನು ಸ್ನಾಯುರಜ್ಜುಗಳು. ತೊಡೆಯೆಲುಬಿನ ಮೇಲ್ತುದಿಯ ಹೊರಮಗ್ಗುಲಲ್ಲಿ ಕೈಗೆ ಸಿಗುವ ಉಬ್ಬಿಗೆ ಗ್ಲೂಟಿಯಸ್ ಮೀಡಿಯಸ್, ಗ್ಲೂಟಿಯಸ್ ಮಿನಿಮಸ್ ಎಂಬ ಸ್ನಾಯುಗಳ ರಜ್ಜುಗಳು ಬಂದು ನಾಟಿಕೊಂಡಿವೆ. ಒಂದು ಕಾಲೆತ್ತಿ ಹೆಜ್ಜೆಯಿಡುವ ಕ್ಷಣದಲ್ಲಿ ಸೊಂಟ ವಾಲದಂತೆ ಹಿಡಿಯುವುದು ಇವುಗಳ ಕೆಲಸ. ಸ್ವಭಾವತಃ ರಕ್ತಸಂಚಾರ ಕಡಿಮೆಯಿರುವ ಈ ರಜ್ಜುಗಳಲ್ಲಿ ಕೀವು ನಿಂತರೆ, ರೋಗಾಣುಗಳ ಕಿಣ್ವಗಳೂ ಅವುಗಳೊಡನೆ ಹೋರಾಡುವ ನಮ್ಮದೇ ಬಿಳಿಯ ರಕ್ತಕಣಗಳ ಕಿಣ್ವಗಳೂ ಸೇರಿ ರಜ್ಜುಗಳ ನಾರನ್ನು ಕರಗಿಸುತ್ತವೆ. ಸತ್ತ ಭಾಗವನ್ನು ವೈದ್ಯರು ಕತ್ತರಿಸಿ ತೆಗೆಯಲೇಬೇಕಾಗುತ್ತದೆ. ಉಳಿದದ್ದು ಕಲೆಗಟ್ಟಿ ಬಿಗಿಯುತ್ತದೆ. ಕೀಲಿನ ಮುಂಭಾಗದಲ್ಲಿ ಹಾದುಹೋಗುವ ಸೋವಾಸ್ ಸ್ನಾಯುವಿನ ಗುಂಟ ಕೀವು ಹೊಟ್ಟೆಯ ಹಿಂಬದಿಗೂ ಏರಬಲ್ಲುದು. ತೊಡೆಯನ್ನು ಮೇಲೆತ್ತುವಾಗ ಬರುವ ನೋವನ್ನು ಆದುದರಿಂದ ಅಲಕ್ಷಿಸಬಾರದು.

ನನಗೆ ಮೊದಲು ಕಂಡದ್ದು ಗಾಯದಿಂದ ನಿಲ್ಲದೆ ಒಸರುತ್ತಿದ್ದ ತಿಳಿನೀರು. ಜ್ವರವಿರಲಿಲ್ಲ. ನೆರೆಯವರು "ಕಾಕಾ, ಸಾರುಂ ಥೈ ಜಶೆ" (ಎಲ್ಲ ಸರಿಹೋಗುತ್ತದೆ) ಎಂದು ಗುಜರಾತಿಯಲ್ಲಿ ಧೈರ್ಯ ಹೇಳಿ, ಔಷಧದಂಗಡಿಯಿಂದ ಆಂಟಿಬಯೋಟಿಕ್ ಮಾತ್ರೆ ತಂದುಕೊಡಲು ಮುಂದಾದರು. ನನ್ನ ಡಾಕ್ಟರು ಅದನ್ನು ತಡೆದ ಉಪಕಾರವನ್ನು ನಾನು ಮರೆಯಲಾರೆ: ಕೀಲಿನೊಳಗಿನ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸುವ ಮುನ್ನ ಮಾತ್ರೆ ನುಂಗಿದರೆ, ರೋಗಾಣು ಸಾಯದೆ ಕೇವಲ ಅಡಗಿ, ಅದು ಯಾವುದೆಂಬುದೇ ತಿಳಿಯದೆ ಹೋಗಬಹುದು. ಮೊದಲ ಕೆಲವು ವಾರಗಳೊಳಗೆ ಪತ್ತೆಯಾದರೆ ಕೀಲನ್ನು ಉಳಿಸಿ ತೊಳೆಯುವುದು ಅನೇಕ ವೇಳೆ ಸಾಧ್ಯ. ನನ್ನಲ್ಲಿ ಅದು ಫಲಿಸಲಿಲ್ಲ. ಕೀಲನ್ನು ಕಿತ್ತು, ಅದರ ಜಾಗದಲ್ಲಿ ತಾತ್ಕಾಲಿಕವಾಗಿ ಔಷಧ ಬೆರೆಸಿದ ಸಿಮೆಂಟಿನ ಸ್ಪೇಸರ್ ಇಟ್ಟು, ವಾರಗಟ್ಟಲೆ ಔಷಧ ಕೊಟ್ಟು, ಉರಿಯೂತವನ್ನು ಸೂಚಿಸುವ ರಕ್ತದ ಸಿ.ಆರ್.ಪಿ. ಮಟ್ಟ ಇಳಿದ ಮೇಲೆ ಮತ್ತೊಂದು ಕೀಲನ್ನು ಕೂಡಿಸಿದರು.

ಸೋಂಕು ಹೋಯಿತು; ನಡಿಗೆ ಮರಳಲಿಲ್ಲ. ಬಲಗಾಲಿನ ಮೇಲೆ ನಿಂತರೆ ಎಡಸೊಂಟ ಕುಸಿಯುತ್ತಿತ್ತು. ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿಯೇ ವರ್ಣಿಸಿದ ಲಕ್ಷಣವಿದು. ಎಲ್ಲರೂ ನೋವಿರುವ ಬಲಗಡೆಗೇ ಊರುಗೋಲು ಕೊಟ್ಟರು. ಫಿಜಿಯೋಥೆರಪಿಸ್ಟ್ ಅದನ್ನು ಎಡಗೈಗೆ ಬದಲಾಯಿಸಿದರು. ಎದುರುಬದಿಯ ಕೋಲು ದೂರದಿಂದ ಭಾರ ಹೊರುವುದರಿಂದ, ಕ್ಷೀಣಿಸಿದ ಸ್ನಾಯುವಿನ ಮೇಲಿನ ಹೊರೆ ಬಹಳವಾಗಿ ತಗ್ಗುತ್ತದೆ. ಮೊದಲ ದಿನವೇ ನನಗದು ಅನುಭವಕ್ಕೆ ಬಂತು. ಎಡಮಗ್ಗುಲಿಗೆ ಮಲಗಿ ಬಲಗಾಲನ್ನು ಮೆಲ್ಲನೆ ಎತ್ತುವ ಅಭ್ಯಾಸ ಇಂದಿಗೂ ನಡೆದಿದೆ.

ಇಂಥ ಮರುಶಸ್ತ್ರಕ್ರಿಯೆಗೆ ಹೋಗುವವರು ತಮ್ಮ ವೈದ್ಯರನ್ನು, ಸೋಂಕು ಹೋಯಿತೇ ಎಂದು ಕೇಳುವಂತೆಯೇ, ಸೊಂಟವನ್ನು ಹಿಡಿಯುವ ರಜ್ಜುಗಳು ಎಷ್ಟು ಉಳಿದಿವೆ ಎಂದೂ ಕೇಳಬೇಕೆಂಬುದು ನನ್ನ ವಿನಂತಿ. ಅವು ನಶಿಸಿದ್ದರೆ ಹೊಸ ಕೀಲಿನ ಗುಂಡು ಅದು ಕೂರುವ ಬಟ್ಟಲಿನಿಂದ ಜಾರುವ ಭಯ ಹೆಚ್ಚು. ಜಾರದಂತೆ ತಡೆಯುವ ವಿಶೇಷ ಬಟ್ಟಲನ್ನು ಆರಿಸುವುದೋ, ಉಳಿದ ನಾರನ್ನು ಎಲುಬಿಗೆ ಮತ್ತೆ ಹೊಲಿಯುವುದೋ ಎಂಬುದನ್ನು ಆಗಲೇ ನಿರ್ಧರಿಸಬೇಕಾಗುತ್ತದೆ.